‘ಬೆಳಿಗ್ಗೆ ನೋಡುವ’ ಎನ್ನುವ ಮೊದಲು

ಉಡುಪಿಯಲ್ಲಿ ಹಿರಿಯರ ಮತ್ತು ಅವರನ್ನು ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯ ಮಾತಿನಲ್ಲಿ ‘ನೋಡುವ’ ಎಂದೊಂದು ಪದ ಇದೆ. ಮದುವೆಗೆ ಹೋಗುವುದಾ? ನೋಡುವ. ಮನೆಗೆ ಬಣ್ಣ ಹೊಡೆಸುವುದಾ? ನೋಡುವ. ಬೇರೆ ಎಲ್ಲದಕ್ಕೂ ಆ ಪದ ಚಂದವೇ. ಆದರೆ ರಾತ್ರಿ ಎಂಟೂವರೆಗೆ ಊಟಕ್ಕೆ ಕುಳಿತ ಅಜ್ಜನ ಕೈಯಿಂದ ಲೋಟ ಜಾರಿತು, ಮಾತು ತೊದಲಿತು. ‘ಸುಸ್ತಾಗಿರಬೇಕು, ಮಲಗಲಿ, ಬೆಳಿಗ್ಗೆ ನೋಡುವ’ ಎಂದು ಹೊದಿಕೆ ಹೊದೆಸಿದರೆ, ಬೆಳಿಗ್ಗೆ ಆರು ಗಂಟೆಗೆ ಅವರಿಗೆ ಸಿಗಬೇಕಿದ್ದ ಮುಖ್ಯ ಚುಚ್ಚುಮದ್ದಿನ ಹೊತ್ತು ಮೀರಿ ಹೋಗಿರುತ್ತದೆ.

ವಯಸ್ಸಾದವರಿಗೆ ಆಪತ್ತು ಬಂದಾಗ ಹೆಚ್ಚು ಸಮಯ ಸೋರಿ ಹೋಗುವುದು ಮನೆಯೊಳಗೆ, ಯಾರೂ ಫೋನ್ ಎತ್ತುವ ಮೊದಲು. ಅದಕ್ಕೆ ಮನೆಯವರ ಅಸಡ್ಡೆ ಕಾರಣ ಎಂದು ನಾವು ಹೇಳುವುದಿಲ್ಲ. ವಯಸ್ಸಾದ ದೇಹ ಕೂಗಿ ಹೇಳುವುದಿಲ್ಲ, ಅದೇ ತೊಂದರೆ. ಹೃದಯಾಘಾತವಾದರೂ ಎದೆ ನೋಯದೆ ಇರಬಹುದು, ಸೋಂಕು ಜೋರಾಗಿದ್ದರೂ ಜ್ವರ ಏರದೆ ಇರಬಹುದು, ಸೊಂಟದ ಎಲುಬು ಮುರಿದಿದ್ದರೂ ‘ಸ್ವಲ್ಪ ಹಿಡಿದುಕೊಂಡಿದೆ’ ಎಂದಷ್ಟೇ ಹೇಳಬಹುದು. ಅದರ ಮೇಲೆ ಮಕ್ಕಳಿಗೆ ತೊಂದರೆ ಕೊಡಬಾರದು ಎಂಬ ಹಿರಿಯರ ಸಂಕೋಚ ಬೇರೆ.

ಪಾರ್ಶ್ವವಾಯು, ಈಗ ಎಲ್ಲರೂ ಸ್ಟ್ರೋಕ್ ಎನ್ನುತ್ತಾರಲ್ಲ, ಅದರಿಂದಲೇ ಶುರು ಮಾಡುತ್ತೇವೆ. ಮನೆಯಲ್ಲಿ ಮೂರು ಪರೀಕ್ಷೆ ಸಾಕು. ನಗಲು ಹೇಳಿ, ಬಾಯಿಯ ಒಂದು ಬದಿ ಜೋತು ಬೀಳುತ್ತದೆಯೇ ನೋಡಿ. ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಿ, ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿಯಲು ಹೇಳಿ, ಒಂದು ಕೈ ತಾನಾಗಿ ಇಳಿಯುತ್ತದೆಯೇ ನೋಡಿ. ಮೂರನೆಯದಾಗಿ ಒಂದು ವಾಕ್ಯ ಹೇಳಿಸಿ. ಆ ವಾಕ್ಯ ಅವರ ಮನೆಮಾತಿನದ್ದೇ ಆಗಿರಲಿ. ಎಪ್ಪತ್ತು ವರ್ಷ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಬದುಕಿದವರನ್ನು ಹೊರಜಿಲ್ಲೆಯ ಹೋಂ ನರ್ಸ್ ಕನ್ನಡದಲ್ಲಿ ಮಾತಾಡಿಸಿದಾಗ ಅವರು ತಡವರಿಸಿದರೆ, ತಡವರಿಸಿದ್ದು ಭಾಷೆಗೋ ಕಾಯಿಲೆಗೋ ಗೊತ್ತಾಗುವುದಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಆಂಬುಲೆನ್ಸಿಗೆ, ಅಂದರೆ 108ಕ್ಕೆ, ಫೋನ್ ಮಾಡಿ. ಇದ್ದಕ್ಕಿದ್ದಂತೆ ಒಂದು ಕಣ್ಣು ಕತ್ತಲಾಗುವುದು, ನಿಲ್ಲಲಾಗದೆ ಒಂದೇ ಬದಿಗೆ ವಾಲುವುದು ಕೂಡ ಇದೇ ಲೆಕ್ಕ.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಈ ಗಡಿಯಾರ ಯಾವಾಗಿನಿಂದ ಓಡುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ನೀವು ಕಂಡ ಹೊತ್ತಿನಿಂದ ಅಲ್ಲ, ಅವರು ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಾತಾಡಿ ಮಲಗಿದವರು ಬೆಳಿಗ್ಗೆ ಐದಕ್ಕೆ ಕೈ ಎತ್ತಲಾಗದೆ ಎದ್ದರೆ, ವೈದ್ಯರು ಹತ್ತರಿಂದಲೇ ಎಣಿಸುತ್ತಾರೆ. ಹಾಗಾಗಿ ‘ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ’ ಎಂಬುದನ್ನು ಒಂದು ಚೀಟಿಯಲ್ಲಿ, ಅದೂ ಇಲ್ಲದಿದ್ದರೆ ಅಂಗೈ ಮೇಲೆ ಬರೆದುಕೊಳ್ಳಿ. ಹೊತ್ತು ಮೀರಿತೆಂದು ಕೈ ಚೆಲ್ಲಬೇಡಿ. ದೊಡ್ಡ ರಕ್ತನಾಳ ಕಟ್ಟಿಕೊಂಡ ಕೆಲವರಿಗೆ ಕೊಳವೆ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡುವುದುಂಟು.

ಸ್ಟ್ರೋಕ್ ಹೆಪ್ಪಿನಿಂದಲೂ ಆಗುತ್ತದೆ, ರಕ್ತಸ್ರಾವದಿಂದಲೂ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಸಿ.ಟಿ. ಸ್ಕ್ಯಾನ್ ಆಗದೆ ಯಾವುದೆಂದು ಹೇಳಲಾಗದು. ಆದ್ದರಿಂದ ಈ ಹೊತ್ತಿನಲ್ಲಿ ಆಸ್ಪಿರಿನ್ ಕೊಡಬೇಡಿ. ಮನೆಯಲ್ಲಿ ಬಿ.ಪಿ. ನೋಡಿ 180 ಇದೆಯೆಂದು ಹೆದರಿ ಇನ್ನೊಂದು ಬಿ.ಪಿ. ಮಾತ್ರೆ ನುಂಗಿಸಬೇಡಿ. ಮಿದುಳಿಗೆ ರಕ್ತ ಸಾಲದಾಗ ದೇಹವೇ ಒತ್ತಡ ಏರಿಸಿಕೊಂಡಿರುತ್ತದೆ, ಅದನ್ನು ಒಮ್ಮೆಲೇ ಇಳಿಸಿದರೆ ಉಳಿಯಬಹುದಾದ ಭಾಗವೂ ಹೋಗುತ್ತದೆ. ನೀರು, ಕಾಫಿ, ಗಂಜಿ ಯಾವುದೂ ಬೇಡ. ಬಾಯಿ ಓರೆಯಾದವರಿಗೆ ನುಂಗುವ ಶಕ್ತಿಯೂ ಕುಂದಿರುತ್ತದೆ, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಬದಿಗೆ ಮಲಗಿಸಿ. ಗ್ಲೂಕೋಮೀಟರ್ ಇದ್ದರೆ ಸಕ್ಕರೆ ನೋಡಿ, ಸಕ್ಕರೆ ಇಳಿದಾಗಲೂ ಸ್ಟ್ರೋಕಿನಂತೆಯೇ ಕಾಣುವುದುಂಟು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಎಂದರೂ ಹೋಗಲೇಬೇಕು. ಸರಿಹೋದದ್ದು ಮುಂದಿನ ದೊಡ್ಡ ಪೆಟ್ಟಿನ ಮುನ್ಸೂಚನೆ ಇರಬಹುದು.

ಮಣಿಪಾಲ, ಉಡುಪಿ, ಮಂಗಳೂರಿನಲ್ಲಿರುವವರಿಗೆ ದೊಡ್ಡ ಆಸ್ಪತ್ರೆಗಳು ಕೈಯಳತೆಯಲ್ಲಿವೆ. ಬೈಂದೂರು, ಹೆಬ್ರಿ, ಬೆಳ್ತಂಗಡಿ, ಸುಳ್ಯದ ಒಳಊರಿನವರಿಗೆ ಹಾಗಲ್ಲ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಸಿ.ಟಿ. ಸ್ಕ್ಯಾನ್ ಇದೆ, ಸ್ಟ್ರೋಕಿನ ಚುಚ್ಚುಮದ್ದು ಕೊಡುತ್ತಾರೆ ಎಂಬುದನ್ನು ಈ ವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ‘ಮೊದಲು ಇಲ್ಲೇ ಕ್ಲಿನಿಕ್ಕಿನಲ್ಲಿ ಬಿ.ಪಿ. ತೋರಿಸುವ’ ಎಂದು ಹೊರಟರೆ ಅಲ್ಲಿಗೇ ಒಂದು ಗಂಟೆ ಹೋಯಿತು.

ಇನ್ನು ಹೃದಯ. ನಮ್ಮಲ್ಲಿ ಹೃದಯಾಘಾತಕ್ಕೆ ಇರುವ ಇನ್ನೊಂದು ಹೆಸರು ‘ಗ್ಯಾಸ್’. ಜೀರಿಗೆ ಕಷಾಯ, ಇಂಗು ಹಾಕಿದ ಮಜ್ಜಿಗೆ, ಸೋಡಾ, ಇಷ್ಟೂ ಆದ ಮೇಲೆ ಆಸ್ಪತ್ರೆ. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, 75 ದಾಟಿದವರಲ್ಲಿ ಎದೆನೋವು ಇಲ್ಲದೆಯೇ ಬರಿಯ ಉಬ್ಬಸ, ತಣ್ಣನೆಯ ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ವಾಂತಿ, ದವಡೆ ಅಥವಾ ಎಡತೋಳಿನ ನೋವು, ಇಲ್ಲವೇ ಕಾರಣ ತಿಳಿಯದ ಸುಸ್ತಾಗಿಯೇ ಅದು ಬರಬಹುದು. ಸೆಕೆ ಇಲ್ಲದ ಹೊತ್ತಿನಲ್ಲಿ ಅಂಗಿ ಒದ್ದೆಯಾಗುವಷ್ಟು ಬೆವರಿದರೆ ಕಷಾಯ ಕಾಯಿಸಲು ಹೋಗಬೇಡಿ.

ಬೆನ್ನಿಗೆ ಒರಗು ಕೊಟ್ಟು, ಮೊಣಕಾಲು ಮಡಚಿ ಅರೆ ಕುಳಿತಂತೆ ಕೂರಿಸಿ. 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ ಇಲ್ಲ, ಈಚೆಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿಲ್ಲ, ಸ್ಟ್ರೋಕಿನ ಗುರುತು ಇಲ್ಲ ಎಂದಾದರೆ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಜಗಿಸಿ. 75ರ ಮಾತ್ರೆಯಾದರೆ ನಾಲ್ಕು. ನೀರಿನೊಂದಿಗೆ ನುಂಗಿದರೆ, ಅದರಲ್ಲೂ ಲೇಪ ಇರುವ ಮಾತ್ರೆಯಾದರೆ, ಕೆಲಸ ಶುರುವಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಜಗಿಯುವುದು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಅವರಿಗೇ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಕೊಡಿ, ಕುಳಿತೇ ಇರುವಾಗ ಕೊಡಿ. ಅದು ಬಿ.ಪಿ. ಇಳಿಸುತ್ತದೆ. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಕೊಟ್ಟು, ನಿಂತಲ್ಲೇ ತಲೆ ತಿರುಗಿ ಬಿದ್ದವರಿದ್ದಾರೆ.

ಅವರನ್ನು ನಡೆಸಬೇಡಿ. ಮೆಟ್ಟಿಲಿಳಿದು, ಅಂಗಳ ದಾಟಿ, ರಿಕ್ಷಾ ನಿಲ್ಲುವ ದಾರಿಯವರೆಗಿನ ನಡಿಗೆ ಪೆಟ್ಟು ತಿಂದ ಹೃದಯಕ್ಕೆ ಭಾರ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ. ಮರದ ಕುರ್ಚಿಯೇ ಆಗಬೇಕು. ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಕಾಲು ಬಗ್ಗಿ ಮುರಿಯುತ್ತದೆ. ಕಾಲು ಮುಂದಾಗಿ ಇಳಿಸಿ, ಕೆಳಗಿನ ಮೆಟ್ಟಿಲಿನಲ್ಲಿ ಇರುವವರು ಗಟ್ಟಿ ಆಳಾಗಿರಲಿ.

ಮಾತಾಡಿಸಿದರೆ ಎಚ್ಚರ ಇಲ್ಲ, ಉಸಿರೂ ಸರಿ ಇಲ್ಲ ಎಂದಾದರೆ ಎದೆ ಒತ್ತಬೇಕು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆಯುವುದನ್ನು ಉಸಿರಾಟ ಎಂದುಕೊಳ್ಳಬೇಡಿ. ಮಂಚದಿಂದ ನೆಲಕ್ಕೆ ಇಳಿಸಿ, ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಎದೆಯ ನಡುವೆ ಅಂಗೈ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ. 5 ಸೆಂಟಿಮೀಟರಿಗೆ ಕಡಿಮೆಯಾಗದ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಪಕ್ಕೆಲುಬು ಲಟಕ್ ಎನ್ನಬಹುದು, ನಿಲ್ಲಿಸಬೇಡಿ.

ಬೀಳುವುದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಏಕೆಂದರೆ ನಮ್ಮ ಊರಿನ ಮಳೆಯೂ ಮನೆಯೂ ಸೇರಿ ಹಿರಿಯರನ್ನು ಬೀಳಿಸುತ್ತವೆ. ಜೂನ್ ಕಳೆಯುವಾಗ ಅಂಗಳದ ಕೆಂಪು ಕಲ್ಲು, ಬಾವಿಕಟ್ಟೆ, ತುಳಸಿಕಟ್ಟೆಯ ಸುತ್ತು ಎಲ್ಲ ಹಸಿರು ಪಾಚಿ. ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆಯಿರಿ. ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ. ಒಳಗೆ ಬಚ್ಚಲು. ಟವೆಲ್ ನೇತು ಹಾಕುವ ಸರಳನ್ನು ಹಿಡಿದು ಏಳುವುದು ಅಭ್ಯಾಸವಾದರೆ ಒಂದು ದಿನ ಸರಳು ಗೋಡೆಯಿಂದ ಕಿತ್ತುಬರುತ್ತದೆ. ಮೈಭಾರ ತಡೆಯುವ ಹಿಡಿಕೆಯನ್ನೇ, ನೆಲದಿಂದ 80–90 ಸೆಂಟಿಮೀಟರ್ ಎತ್ತರದಲ್ಲಿ, ಗೋಡೆಯೊಳಕ್ಕೆ ಬೋಲ್ಟ್ ಇಳಿಸಿ ಕೂರಿಸಿ. ಒಳಗಿನ ಚಿಲಕ ಹಾಕಿಕೊಳ್ಳುವುದು ಬೇಡ. ಬಾಗಿಲು ಒಳಮುಖವಾಗಿ ತೆರೆಯುವಂತಿದ್ದರೆ, ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಬಾಗಿಲನ್ನು ಹೊರಮುಖ ಮಾಡಿಸಿದರೆ ಖರ್ಚು ದಂಡವಲ್ಲ.

ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವವರು ಬಹಳ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಮಲಗಿದ್ದಲ್ಲಿಂದ ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಬೇಕು. ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಸವೆದ ಹವಾಯಿ ಚಪ್ಪಲಿ, ನೆಲಕ್ಕೆ ಎಳೆಯುವ ನೈಟಿ, ಬಾಗಿಲಲ್ಲಿ ಮಡಚಿಕೊಳ್ಳುವ ಕಾಲೊರೆಸುವ ಬಟ್ಟೆ, ಮೂರನ್ನೂ ಇವತ್ತೇ ತೆಗೆಯಿರಿ.

ಬಿದ್ದರು ಅಂತಾದರೆ ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತುವುದೇ ನಮ್ಮೆಲ್ಲರ ಮೊದಲ ಕೆಲಸ. ಆ ಕೈಯನ್ನು ತಡೆಯಿರಿ. ಪಕ್ಕದಲ್ಲಿ ಕುಳಿತು ಮಾತಾಡಿಸಿ. ತಲೆಗೆ ಪೆಟ್ಟಾಗಿದೆಯೇ, ಕುತ್ತಿಗೆ ನೋಯುತ್ತದೆಯೇ, ಎಲ್ಲಿ ನೋವು ಎಂದು ಕೇಳಿ. ಎರಡು ಕಾಲನ್ನೂ ಹೋಲಿಸಿ ನೋಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ ಸೊಂಟದ ಬಳಿಯ ಎಲುಬು ಮುರಿದಿದೆ ಎಂದೇ ತಿಳಿಯಿರಿ. ನಿಲ್ಲಿಸಿ ನೋಡುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಎರಡು ಕಾಲ ನಡುವೆ ದಿಂಬಿಟ್ಟು, ಹೊದಿಕೆ ಹೊದೆಸಿ, ಆಂಬುಲೆನ್ಸಿಗೆ ಕಾಯಿರಿ. ಕೆಲವೊಮ್ಮೆ ಮುರಿದ ಎಲುಬು ಒಂದಕ್ಕೊಂದು ಕಚ್ಚಿಕೊಂಡು, ಎರಡು ದಿನ ಕುಂಟುತ್ತಾ ನಡೆಯುವುದೂ ಇದೆ. ಬಿದ್ದ ಮೇಲೆ ತೊಡೆಸಂದಿಯಲ್ಲಿ ನೋವು ಉಳಿದರೆ ಎಕ್ಸ್‌ರೇ ಆಗಲೇಬೇಕು.

ಏನೂ ನೋವಿಲ್ಲ, ಏಳುತ್ತೇನೆ ಎಂದರೆ ಅವರೇ ಏಳಲಿ, ನೀವು ದಾರಿ ತೋರಿಸಿ. ಒಂದು ಬದಿಗೆ ಹೊರಳಿ, ಮೊಣಕೈ ಊರಿ, ಕೈ ಮೊಣಕಾಲುಗಳ ಮೇಲೆ ಬರಬೇಕು. ಗಟ್ಟಿ ಕುರ್ಚಿಯನ್ನು ಎದುರಿಗೆ ತಂದಿಟ್ಟು ನೀವು ಅದನ್ನು ಹಿಡಿದುಕೊಳ್ಳಿ. ಅವರು ಎರಡೂ ಕೈ ಕುರ್ಚಿಯ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ನೆಲಕ್ಕೂರಿ, ಮೇಲೆದ್ದು, ತಿರುಗಿ ಕುಳಿತುಕೊಳ್ಳಲಿ. ಎರಡನೆಯ ಕುರ್ಚಿಯೊಂದು ಹಿಂದಿನಿಂದ ಬಂದರೆ ತಿರುಗುವ ಕಷ್ಟವೂ ಇಲ್ಲ.

ಮಂಡೆಗೆ ಪೆಟ್ಟಾದವರು ವಾರ್ಫರಿನ್, ಅಸಿಟ್ರೋಮ್, ಅಪಿಕ್ಸಬಾನ್, ಕ್ಲೋಪಿಡೋಗ್ರೆಲ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯಲ್ಲಿದ್ದರೆ, ಗಾಯ ಕಾಣದಿದ್ದರೂ, ನಗುನಗುತ್ತ ಇದ್ದರೂ, ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ರಕ್ತ ಜಿನುಗುತ್ತದೆ. ಜಾಗ ಹೆಚ್ಚಿರುವುದರಿಂದ ಲಕ್ಷಣ ಕಾಣಲು ಎರಡು ಮೂರು ವಾರವೂ ಬೇಕಾಗಬಹುದು. ಬಿದ್ದದ್ದು ಎಲ್ಲರಿಗೂ ಮರೆತ ಮೇಲೆ ತಲೆನೋವು, ಹಗಲೆಲ್ಲ ನಿದ್ದೆ, ನಡಿಗೆಯಲ್ಲಿ ವಾಲುವುದು ಶುರುವಾಗುತ್ತದೆ.

ಆಗ ಮನೆಯಲ್ಲಿ ಕೇಳುವ ಮಾತು ‘ಅರವತ್ತಕ್ಕೆ ಅರಳುಮರಳು’. ಈ ಗಾದೆಯಿಂದ ಆದ ನಷ್ಟ ಸಣ್ಣದಲ್ಲ. ಮರೆವಿನ ಕಾಯಿಲೆ ತಿಂಗಳು ವರ್ಷಗಟ್ಟಲೆ ಮೆಲ್ಲನೆ ಬರುತ್ತದೆ. ನಿನ್ನೆ ಸರಿ ಇದ್ದ ಅಮ್ಮ ಇವತ್ತು ಹೊತ್ತುಗೊತ್ತು ತಿಳಿಯದೆ, ಇಲ್ಲದವರನ್ನು ಕರೆಯುತ್ತಾ, ಒಮ್ಮೆ ರೇಗಿ ಒಮ್ಮೆ ಮಂಕಾಗಿ ಕುಳಿತರೆ ಅದು ವಯಸ್ಸಲ್ಲ, ಕಾಯಿಲೆ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿಕೆ, ಸಕ್ಕರೆ ಇಳಿಕೆ, ಮೂರು ದಿನದ ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಯಾವುದೂ ಕಾರಣ ಆಗಬಹುದು. ಹೆಚ್ಚಿನವು ವಾಸಿಯಾಗುವಂಥವು. ಅದೇ ದಿನ ವೈದ್ಯರಿಗೆ ತೋರಿಸಿ, ‘ನಿನ್ನೆ ಹೀಗಿರಲಿಲ್ಲ’ ಎಂಬ ಮಾತನ್ನು ಬಿಡದೆ ಹೇಳಿ.

ಸಕ್ಕರೆ ಇಳಿಯುವುದಕ್ಕೆ ಉಡುಪಿಯಲ್ಲಿ ಏಕಾದಶಿ ಒಂದು ಕಾರಣ. ರಂಜಾನ್ ಉಪವಾಸವೂ ಹಾಗೆಯೇ. ಊಟ ಬಿಟ್ಟು, ಮಾತ್ರೆ ಮಾತ್ರ ತಪ್ಪಿಸದೆ ನುಂಗುವುದು. ಉಪವಾಸ ಮಾಡುವವರು ಮೊದಲೇ ವೈದ್ಯರಲ್ಲಿ ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ನಡುಕ, ಬೆವರು, ಹಸಿವು, ಮಾತು ತಪ್ಪುವುದು ಲಕ್ಷಣಗಳು. ಬಿ.ಪಿ.ಗೋ ಹೃದಯಕ್ಕೋ ಕೊಡುವ ಬೀಟಾ ಬ್ಲಾಕರ್ ಮಾತ್ರೆಯಲ್ಲಿರುವವರಿಗೆ ನಡುಕವೂ ಎದೆಬಡಿತವೂ ಗೊತ್ತಾಗದೆ ನೇರ ಮಂಕು ಕವಿಯಬಹುದು. ಗ್ಲೂಕೋಮೀಟರಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗಿದ್ದು, ಎಚ್ಚರ ಇದ್ದು, ನುಂಗಬಲ್ಲವರಾದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಅನ್ನವೋ ಅವಲಕ್ಕಿಯೋ ಹೊಟ್ಟೆಗೆ ಬೀಳಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಇರುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಗ್ಲಿಮೆಪಿರೈಡ್ ಮಾದರಿಯ ಮಾತ್ರೆಯಿಂದ ಇಳಿದದ್ದಾದರೆ ಒಮ್ಮೆ ಏರಿದ ಸಕ್ಕರೆ ಗಂಟೆಗಳ ನಂತರ ಮತ್ತೆ ಜಾರುತ್ತದೆ, ಆಸ್ಪತ್ರೆಯಲ್ಲಿ ಒಂದು ದಿನ ಇರುವುದು ಒಳ್ಳೆಯದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಗಂಟಲಿನ ಮಾತು ಬೇಗ ಮುಗಿಸುತ್ತೇವೆ. ಬೂತಾಯಿ, ಬಂಗುಡೆಯ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವುದು ಇಲ್ಲಿನ ಪದ್ಧತಿ. ಮುಳ್ಳು ಇನ್ನಷ್ಟು ಆಳಕ್ಕೆ ಚುಚ್ಚಿಕೊಳ್ಳುತ್ತದೆ, ಬೇಡ. ಉಸಿರು ಸರಿ ಇದ್ದರೆ ಹಾಗೆಯೇ ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಿ. ಗೋಳಿಬಜೆಯ ತುಂಡೋ ಹಲಸಿನ ತೊಳೆಯೋ ಉಸಿರಿನ ದಾರಿಗೆ ಅಡ್ಡಬಿದ್ದು, ಕೆಮ್ಮಲೂ ಮಾತಾಡಲೂ ಆಗದೆ ಹೋದರೆ ಮುಂದಕ್ಕೆ ಬಾಗಿಸಿ, ಎರಡು ಭುಜದ ನಡುವೆ ಅಂಗೈ ಬುಡದಿಂದ ಐದು ಗುದ್ದು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಸರದಿಯಂತೆ ಮುಂದುವರಿಸಿ. ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ತೆಂಗಿನೆಣ್ಣೆ ಬೇಡ.

ಮಳೆಗಾಲಕ್ಕೆ ಬರೋಣ. 2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿಯ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಿದ್ದು ನಿಮಗೆಲ್ಲ ನೆನಪಿದೆ. ಮಂಚ ಬಿಟ್ಟು ಏಳಲಾಗದವರು ಇರುವ ಮನೆಯವರು ನೀರು ಅಂಗಳಕ್ಕೆ ಬಂದಾಗ ಹೊರಡಬೇಕು, ಜಗಲಿಗೆ ಬರುವವರೆಗೆ ಕಾಯಬಾರದು. ಒಂದು ಚೀಲ ಸಿದ್ಧವಿರಲಿ. ಏಳು ದಿನದ ಮಾತ್ರೆ, ಅದರ ಚೀಟಿಯ ಪ್ರತಿ, ಕನ್ನಡಕ, ಕಿವಿಯ ಯಂತ್ರದ ಬ್ಯಾಟರಿ, ಹಲ್ಲಿನ ಸೆಟ್ಟಿನ ಡಬ್ಬಿ, ಡಯಾಪರ್, ಟಾರ್ಚ್, ಪವರ್ ಬ್ಯಾಂಕ್, ಓ.ಆರ್.ಎಸ್. ಪೊಟ್ಟಣ. ಓ.ಆರ್.ಎಸ್.ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಚಿಟಿಕೆ ಎಂದು ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ.

ಕರೆಂಟು ಎರಡು ದಿನ ಹೋದರೆ ಇನ್ಸುಲಿನ್ ಗತಿ ಏನು ಎಂದು ಹಲವರು ಕೇಳುತ್ತಾರೆ. ಬಳಸುತ್ತಿರುವ ಬಾಟಲಿ 25–30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರುತ್ತದೆ. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡಿ. ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಆಮ್ಲಜನಕದ ಯಂತ್ರ ಇರುವವರಿಗೆ ಸಿಲಿಂಡರ್ ಬೇಕೇ ಬೇಕು. ಬಿ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಲೆಕ್ಕಕ್ಕೆ ಹನ್ನೆರಡು ಗಂಟೆ, ಹತ್ತು ಗಂಟೆ ಎಂದೇ ಹಿಡಿಯಿರಿ. ಕತ್ತಲಾಯಿತೆಂದು ಆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಬೇಡಿ, ದೇವರ ದೀಪವನ್ನೂ ಬೇರೆ ಕೋಣೆಗೆ ಸಾಗಿಸಿ.

ಕೊನೆಗೆ ಫೋನು. ಆಂಬುಲೆನ್ಸಿಗೆ 108, ಎಲ್ಲ ತುರ್ತಿಗೂ 112, ಹಿರಿಯರ ಸಹಾಯವಾಣಿ 14567. ಮೊದಲೆರಡು ಪ್ರಾಣಾಪಾಯಕ್ಕೆ, ಮೂರನೆಯದು ಪಿಂಚಣಿ, ಕಿರುಕುಳ, ಆಸರೆಯಂತಹ ಮಾತಿಗೆ. ನಮ್ಮ ಮನೆಗಳಿಗೆ ನಂಬರ್ ಇರುವುದಿಲ್ಲ, ಹೆಸರಿರುತ್ತದೆ. ಆ ಹೆಸರಿನ ಮನೆ ಗ್ರಾಮದಲ್ಲಿ ಮೂರಿರುತ್ತವೆ. ‘ಇಂಥ ಗ್ರಾಮ, ಇಂಥ ಬಸ್ ಸ್ಟಾಪಿನಿಂದ ಇಂಥ ಕಡೆಗೆ ಇಷ್ಟು ದೂರ, ಗರಡಿ ದಾಟಿ ಎಡಕ್ಕೆ, ದೊಡ್ಡ ಗಾಡಿ ಇಲ್ಲಿಯವರೆಗೆ ಬರುತ್ತದೆ’ ಎಂದು ಬರೆದು ಫೋನಿನ ಪಕ್ಕ ಅಂಟಿಸಿ. ಗಾಬರಿಯಲ್ಲಿ ಇದ್ಯಾವುದೂ ಬಾಯಿಗೆ ಬರುವುದಿಲ್ಲ. ಒಬ್ಬರು ಟಾರ್ಚ್ ಹಿಡಿದು ದಾರಿಯ ತುದಿಯಲ್ಲಿ ನಿಲ್ಲಲಿ.

ಮಕ್ಕಳು ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮನೆಗಳು ನಮ್ಮಲ್ಲಿ ತುಂಬ. ಅಮ್ಮ ಮೊದಲು ಫೋನ್ ಮಾಡುವುದು ಮಗನಿಗೆ. ಮಗ ದುಬೈಯಿಂದ 108 ಒತ್ತಿದರೆ ಉಡುಪಿಯ ಆಂಬುಲೆನ್ಸ್ ಬರುವುದಿಲ್ಲ. ಅವನ ಫೋನಿನಲ್ಲಿ ಇರಬೇಕಾದದ್ದು ಪಕ್ಕದ ಮನೆಯ ಇಬ್ಬರ ಮೊಬೈಲು, ಪರಿಚಯದ ರಿಕ್ಷಾದವರ ನಂಬರು, ಮತ್ತು ಆಸ್ಪತ್ರೆಯ ತುರ್ತು ವಿಭಾಗದ ಪೂರ್ತಿ ಸಂಖ್ಯೆ. ಸ್ಥಿರ ದೂರವಾಣಿಯಾದರೆ ಉಡುಪಿಗೆ 91 820, ಮಂಗಳೂರಿಗೆ 91 824 ಎಂದು ಮುಂದೆ ಸೇರಿಸಬೇಕು. ಮನೆಯ ಇನ್ನೊಂದು ಬೀಗದ ಕೈ ಆ ಪಕ್ಕದ ಮನೆಯಲ್ಲಿ ಇರಲಿ.

ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿರಬೇಕಾದ ಒಂದು ಹಾಳೆ ಇದೆ. ಹೆಸರು, ವಯಸ್ಸು, ಇರುವ ಕಾಯಿಲೆಗಳು, ಆದ ಆಪರೇಷನ್, ಪೇಸ್‌ಮೇಕರ್ ಅಥವಾ ಸ್ಟೆಂಟ್ ಇದ್ದರೆ ಅದು, ಅಲರ್ಜಿ, ಪ್ರತಿ ಮಾತ್ರೆಯ ಹೆಸರು, ಶಕ್ತಿ, ತೆಗೆದುಕೊಳ್ಳುವ ಹೊತ್ತು. ‘ಬಿಳಿ ಮಾತ್ರೆ, ಅರ್ಧ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ. ಆಯುರ್ವೇದದ್ದು, ಮನೆಮದ್ದು ಏನಿದೆ ಅದನ್ನೂ ಮುಚ್ಚಿಡದೆ ಬರೆಯಿರಿ. ಫ್ರಿಜ್ಜಿನ ಬಾಗಿಲಿಗೆ ಒಂದು ಪ್ರತಿ, ಚೀಲದಲ್ಲಿ ಒಂದು, ಮಗನದೋ ಮಗಳದೋ ಫೋನಿನಲ್ಲಿ ಒಂದು ಫೋಟೋ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ. ವೈದ್ಯರು ಮಾತ್ರೆ ಬದಲಿಸಿದ ದಿನ ಹಳೆಯ ಹಾಳೆ ಹರಿದು, ರಾತ್ರಿ ಊಟಕ್ಕೆ ಕೂರುವ ಮೊದಲು ಹೊಸದು ಬರೆದು ಅಂಟಿಸಿ.